ಒಡೆಯೋಕೆಂದೇ ಸುಟ್ಟ ಇಟ್ಟಿಗೆ

ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬಂದ ಲಾರಿ ಅರಸೀಕೆರೆ ಹತ್ತಿರದ ನಮ್ಮೂರು ಮುಟ್ಟಿದಾಗ ಬೆಳಗ್ಗೆ ಏಳು ಗಂಟೆ. ಎಂಟರ ಹೊತ್ತಿಗೆ ನನ್ನ ತಮ್ಮ ಫೋನಿನಲ್ಲಿ ಕೂಗಾಡುತ್ತಿದ್ದ.

"ಅರ್ಧ ಲೋಡ್ ಕಳಿಸಿ ಪೂರ್ತಿ ದುಡ್ಡು ಇಸ್ಕೊಂಡಿದ್ದೀರಲ್ರೀ! ನಮಗೆ ಬೇಕಿರೋದು ಸಾವಿರದ ನಾನೂರು. ಇಲ್ಲಿರೋದು ಏಳುನೂರು."

ಆ ಕಡೆಯವರು ಏನೋ ಹೇಳುತ್ತಿದ್ದರು. ಇವನು ಕೇಳಿಸಿಕೊಳ್ಳಬೇಕಲ್ಲ.

ಅವನ ಲೆಕ್ಕ ಸರಿಯಾಗೇ ಇತ್ತು. ಹೊಸ ಮನೆಯ ಮುಂಭಾಗದಲ್ಲಿ ಸುಮಾರು 300 ಚದರಡಿ ಗೋಡೆಗೆ ಇಟ್ಟಿಗೆಯ ಹಾಗೆ ಕಾಣುವ ಮಣ್ಣಿನ ಟೈಲ್ ಹಾಕಿಸಬೇಕು. ಒಂದು ಟೈಲ್ 9 ಇಂಚು ಉದ್ದ, 3 ಇಂಚು ಎತ್ತರ. ನಡುವೆ ಸಂದು ಬಿಟ್ಟರೆ ಚದರಡಿಗೆ ನಾಲ್ಕೂವರೆ. ಒಡೆದು ಹೋಗುವುದಕ್ಕೆ ಅಂತ ಒಂದಿಷ್ಟು ಸೇರಿಸಿ 1,400 ಅಂತ ಬರೆದುಕೊಂಡಿದ್ದ. ಆದರೆ ಲಾರಿಯಿಂದ ಇಳಿದ ಸಾಮಾನು ಟೈಲ್ ಥರ ಇರಲೇ ಇಲ್ಲ. ದಪ್ಪಗೆ ಇಟ್ಟಿಗೆಯ ಹಾಗೇ ಇತ್ತು. ಒಳಗೆ ಟೊಳ್ಳು. ಈ ತುದಿಯಿಂದ ನೋಡಿದರೆ ಆ ತುದಿಯ ಬೆಳಕು ಕಾಣುತ್ತಿತ್ತು.

ಮೇಸ್ತ್ರಿ ಅಷ್ಟರಲ್ಲಿ ಟೀ ಕುಡಿದು ಬಂದರು. ಜಗಳ ಏನು ಅಂತ ಕೇಳಲಿಲ್ಲ. ಒಂದು ಇಟ್ಟಿಗೆ ತಗೊಂಡು ಮರಳಿನ ಗುಡ್ಡೆ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಇಟ್ಟಿಗೆಯನ್ನು ಮರಳಿನ ಮೇಲೆ ಅಂಚಿಗೆ ನಿಲ್ಲಿಸಿ, ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋದರು. ತಿರುಗಿಸಿ ಇನ್ನೊಂದು ಬದಿಗೂ ಹಾಗೇ. ಟಕ್ ಅಂತು. ಎರಡು ಹಲಗೆ ಅವರ ಎರಡೂ ಕೈಗೆ ಬಂದವು.

"ತಗೊಳ್ಳಿ, ಒಂದು ಎರಡಾಯ್ತು," ಅಂದರು.

ತಮ್ಮ ಫೋನಿನಲ್ಲಿ "ಸರಿ ಸರಿ, ಆಮೇಲೆ ಮಾಡ್ತೀನಿ" ಅಂತ ಹೇಳಿ ಇಟ್ಟ.

ನಾನು ಶನಿವಾರ ಅಂತ ಅಮ್ಮನನ್ನು ನೋಡಿಕೊಂಡು ಹೋಗೋಕೆ ಬಂದಿದ್ದು. ಮಧ್ಯಾಹ್ನದ ರೈಲಿಗೆ ಬೆಂಗಳೂರಿಗೆ ವಾಪಸ್ ಹೊರಡಬೇಕಿತ್ತು. ಹೊರಡಲಿಲ್ಲ. ಸಂಜೆವರೆಗೂ ಆ ಮರಳಿನ ಗುಡ್ಡೆ ಪಕ್ಕವೇ ಇದ್ದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗೋಡೆಗೆ ಈ ಟೈಲ್ ಹಾಕಿಸುವುದು ನನಗೆ ಇಷ್ಟ ಇರಲಿಲ್ಲ. ಸಿಮೆಂಟ್ ಬ್ಲಾಕಿನಲ್ಲಿ ಗೋಡೆ ಕಟ್ಟಿ, ಪ್ಲಾಸ್ಟರ್ ಮಾಡಿ, ಅದರ ಮೇಲೆ ಇಟ್ಟಿಗೆಯ ತೊಗಲು ಅಂಟಿಸುವುದು ಯಾವ ಚೆಂದ? ಇಟ್ಟಿಗೆ ಬೇಕಿದ್ದರೆ ಇಟ್ಟಿಗೆಯಲ್ಲೇ ಕಟ್ಟಬಹುದಿತ್ತು. ಇದನ್ನು ಹೇಳಿದ್ದೆ ಕೂಡ. ತಮ್ಮನ ಹೆಂಡತಿ ನಗುತ್ತಾ, "ನೀವು ಬೆಂಗಳೂರಲ್ಲಿ ಬಾಡಿಗೆ ಮನೇಲಿರೋರು, ನಿಮಗೇನು" ಅಂದುಬಿಟ್ಟಳು. ಅಲ್ಲಿಗೆ ಆ ವಿಷಯ ಮುಗೀತು.

ಆದರೆ ಒಡೆದ ತುಂಡನ್ನು ಕೈಯಲ್ಲಿ ಹಿಡಿದಾಗ ಕುತೂಹಲ ಹುಟ್ಟಿದ್ದು ನಿಜ. ಮುಂದಿನ ಮುಖ ನುಣುಪು. ಹಿಂದೆ ಉದ್ದುದ್ದ ಏಣು. ಒಡೆಯದ ಇಟ್ಟಿಗೆಯ ತುದಿಯನ್ನು ನೋಡಿದರೆ ವಿಷಯ ಗೊತ್ತಾಗುತ್ತದೆ. ಎರಡು ತೆಳು ಹಲಗೆ ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ನಡುವೆ ಮೂರ್ನಾಲ್ಕು ಸಣ್ಣ ಗೋಡೆಗಳು ಅವನ್ನು ಹಿಡಿದುಕೊಂಡಿವೆ. ಆ ಸಣ್ಣ ಗೋಡೆಗಳು ಎಲ್ಲ ಕಡೆ ಒಂದೇ ದಪ್ಪ ಇಲ್ಲ. ನಟ್ಟನಡುವೆ ಸೊಂಟದ ಹತ್ತಿರ ಸಣ್ಣಗಾಗಿವೆ. ಹೊರಗಿನ ಎರಡು ಬದಿಗಳಲ್ಲೂ ಅದೇ ಜಾಗಕ್ಕೆ ಸರಿಯಾಗಿ ಒಂದು ಗೀರು. ಸುಟ್ಟ ಮಣ್ಣಿನ ಸ್ವಭಾವ ಎಲ್ಲರಿಗೂ ಗೊತ್ತಲ್ಲ, ಅದರ ಮೇಲೆ ಭಾರ ಹೇರಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ, ಬಾಗುವುದಂತೂ ಇಲ್ಲವೇ ಇಲ್ಲ. ಬಿರುಕು ಬಿಡುವುದಾದರೆ ಎಲ್ಲಿ ತೆಳುವಾಗಿದೆಯೋ ಅಲ್ಲೇ ಬಿಡುತ್ತದೆ. ಎಲ್ಲಿ ಒಡೆಯಬೇಕು ಅನ್ನುವುದು ಮಣ್ಣು ಹಸಿ ಇದ್ದಾಗಲೇ ತೀರ್ಮಾನ ಆಗಿರುತ್ತದೆ. ಸುತ್ತಿಗೆ ಅದನ್ನು ನೆನಪಿಸುತ್ತದೆ ಅಷ್ಟೇ.

ಹಾಗಾದರೆ ಮೊದಲೇ ಎರಡು ಬೇರೆ ಬೇರೆ ಟೈಲ್ ಮಾಡಬಹುದಿತ್ತಲ್ಲ? ತಮ್ಮ ಇದನ್ನೇ ಕೇಳಿದ. ಅವನ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

ಮಂಗಳೂರು ಕಡೆಯ ಒಂದು ಹೆಂಚಿನ ಕಾರ್ಖಾನೆಯನ್ನು ನಾನು ಹಿಂದೆ ನೋಡಿದ್ದೆ. ಅದು ಆಗ ಉಪಯೋಗಕ್ಕೆ ಬಂತು. ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಹಾಕಿದರು. ಅದರ ಹಿಂದೆ ಇದ್ದವನು ಪ್ಲೆಬ್ಸ್ಟ್ ಅನ್ನುವ ಜರ್ಮನ್ ಮಿಷನರಿ. ಅಲ್ಲಿಂದ ಶುರುವಾದ ಕಸುಬು ಕರಾವಳಿ ಉದ್ದಕ್ಕೂ ಹಬ್ಬಿತು. ಮಾಡಿಗೆ ಹಾಕುವ ಹೆಂಚು ಮಾತ್ರ ಅಲ್ಲ. ಕೋಡಿನ ಹೆಂಚು, ನೆಲದ ಹೆಂಚು, ಗಾಳಿ ಆಡುವ ಜಾಲಿ, ತಾರಸಿಯ ತೊಲೆಗಳ ನಡುವೆ ಕೂರಿಸುವ ಹುರುಡಿ ಅನ್ನುವ ಟೊಳ್ಳು ಇಟ್ಟಿಗೆ, ಎಲ್ಲವೂ ಅಲ್ಲಿ ಆಗುತ್ತಿತ್ತು. ಮಾಡಿನ ಹೆಂಚನ್ನು ಅಚ್ಚಿನಲ್ಲಿ ಒತ್ತುತ್ತಾರೆ. ಟೊಳ್ಳು ಇಟ್ಟಿಗೆಗಳದ್ದು ಬೇರೆ ದಾರಿ. ಹದವಾದ ಮಣ್ಣನ್ನು ಯಂತ್ರ ಅರೆದು, ಒಳಗಿನ ಗಾಳಿ ತೆಗೆದು, ಒಂದು ಬಾಯಿಯ ಮೂಲಕ ಹೊರಕ್ಕೆ ತಳ್ಳುತ್ತದೆ. ಥೇಟ್ ಚಕ್ಕುಲಿ ಒರಳು. ಬಾಯಿಗೆ ಯಾವ ಬಿಲ್ಲೆ ಹಾಕಿದ್ದೀರೋ ಆ ಆಕಾರದ ಉದ್ದನೆ ಮಣ್ಣಿನ ಕಂಬ ಹೊರಗೆ ಬರುತ್ತದೆ. ತೂತೂ ಅದರಲ್ಲೇ, ಗೀರೂ ಅದರಲ್ಲೇ. ಮುಂದೆ ತಂತಿಯಲ್ಲಿ ಬೇಕಾದ ಅಳತೆಗೆ ಕುಯ್ಯುತ್ತಾರೆ. ವೈರ್ ಕಟ್ ಇಟ್ಟಿಗೆ ಅಂತ ಅಂಗಡಿಯವರು ಹೇಳುವುದು ಇದರಿಂದಲೇ.

ತೆಳು ಹಲಗೆಯೊಂದನ್ನೇ ಹಾಗೆ ತೆಗೆದು ಒಣಗಿಸಿ ನೋಡಿ. ಹಪ್ಪಳ ಆಗುತ್ತದೆ. ಮಣ್ಣು ಒಣಗುವಾಗ ಕುಗ್ಗುತ್ತದೆ. ಮೇಲ್ಮೈ ಮೊದಲು ಒಣಗಿ, ನೆಲಕ್ಕೆ ತಾಗಿದ ಬದಿ ಹಿಂದೆ ಬಿದ್ದರೆ ಅಂಚು ಮೇಲೆದ್ದು ಬಿಡುತ್ತದೆ. ಗೂಡಿನಲ್ಲಿ ಬೆಂಕಿ ಬಿದ್ದಾಗ ಇನ್ನೊಂದು ಸಲ ಅದೇ ಕಾಟ. ಎರಡು ಹಲಗೆ ಬೆನ್ನು ಸೇರಿಸಿ ನಿಂತರೆ ಇದು ಬಾಗೋಕೆ ಹೋದರೆ ಅದು ಬಿಡುವುದಿಲ್ಲ. ನಡುವಿನ ಟೊಳ್ಳಿನಲ್ಲಿ ಗಾಳಿ ಓಡಾಡಿ ಒಳಗೂ ಹೊರಗೂ ಒಂದೇ ಸಮ ಒಣಗುತ್ತದೆ. ಗೂಡಿನಲ್ಲಿ ಯಾರ ಆಸರೆಯೂ ಇಲ್ಲದೆ ನಿಲ್ಲುತ್ತದೆ. ಲಾರಿಯಲ್ಲಿ ಬರುವಾಗಲೂ ಒಳ್ಳೆಯದು. ತೆಳು ಟೈಲ್ ಆಗಿದ್ದರೆ ಶಿರಾಡಿಯ ತಿರುವುಗಳಲ್ಲಿ ಎಷ್ಟು ಉಳಿಯುತ್ತಿತ್ತೋ.

ಇಷ್ಟನ್ನು ಹೇಳಿದ ಮೇಲೆ ತಮ್ಮ, "ಅದನ್ನ ಬಿಲ್ಲಿನಲ್ಲಿ ಬರೀಬೇಕಿತ್ತು, ಜೋಡಿ ಅಂತ" ಅಂದ. ಅದೂ ಸರಿಯೇ.

ಒಡೆಯುವ ಕೆಲಸ ಮೇಸ್ತ್ರಿ ಜೊತೆಗೆ ಬಂದಿದ್ದ ಹುಡುಗನಿಗೆ ಬಿತ್ತು. ಹತ್ತೊಂಬತ್ತು ಇಪ್ಪತ್ತರ ಪ್ರಾಯ, ಕೈಯಲ್ಲಿ ಬಲ ಜಾಸ್ತಿ. ಮೊದಲನೆಯದಕ್ಕೇ ನಡುಮಧ್ಯ ಒಂದು ಬಾರಿಸಿದ. ಇಟ್ಟಿಗೆ ಎರಡಾಗಲಿಲ್ಲ, ಐದಾಯಿತು. ಎರಡನೆಯದೂ ಹಾಗೇ. ಮೇಸ್ತ್ರಿ ಗೋಡೆ ಮೇಲಿಂದಲೇ ಕೂಗಿದರು. "ಅದರ ಮೇಲೆ ನಿನಗೇನೋ ದ್ವೇಷ? ಗೀರಿನ ಮೇಲೆ ತಟ್ಟೋ. ಸದ್ದು ಕೇಳಿಸ್ಕೋ."

ಸದ್ದಿನ ವಿಷಯ ನನಗೂ ಆಮೇಲೆ ತಿಳಿಯಿತು. ಶುರುವಿನಲ್ಲಿ ಪ್ರತಿ ಏಟಿಗೂ ಟಣ್ ಟಣ್ ಅನ್ನುತ್ತದೆ. ಎಲ್ಲೋ ಒಂದು ಕಡೆ ಬಿರುಕು ಹುಟ್ಟಿದ ಕೂಡಲೇ ದನಿ ಮಂಕಾಗುತ್ತದೆ. ಆಗ ಸುತ್ತಿಗೆ ಬಿಟ್ಟು ಕೈಯಿಂದಲೇ ಬಿಡಿಸಬಹುದು. ಆ ಮಂಕು ದನಿ ಬಂದ ಮೇಲೂ ಬಡಿದರೆ ಮುಖದ ಮೂಲೆ ಹಾರಿ ಹೋಗುತ್ತದೆ. ಶುರುವಿನಲ್ಲೇ ದನಿ ಮಂಕಾಗಿದ್ದರೆ ಆ ಇಟ್ಟಿಗೆಯಲ್ಲಿ ಮೊದಲೇ ಕಾಣದ ಬಿರುಕು ಇದೆ ಅಂತ ಅರ್ಥ. ಅದನ್ನು ಪಕ್ಕಕ್ಕೆ ಇಡಬೇಕು, ಅರ್ಧ ತುಂಡು ಬೇಕಾದ ಕಡೆ ಉಪಯೋಗ ಆಗುತ್ತದೆ. ಹನ್ನೊಂದು ಗಂಟೆ ಹೊತ್ತಿಗೆ ಹುಡುಗನ ಕೈ ಕುದುರಿತ್ತು. ಇಯರ್‌ಫೋನ್ ಕಿವಿಗೆ ಹಾಕಿಕೊಂಡು ಕೆಲಸ ಮಾಡೋಕೆ ಹೋಗಿ ಮತ್ತೆ ಬೈಸಿಕೊಂಡ, ಅದು ಬೇರೆ ಕಥೆ.

ನನಗೆ ಜಾಸ್ತಿ ಹಿಡಿಸಿದ್ದು ಮೂಲೆಯ ತುಂಡುಗಳು. ಇವು ಬೇರೆ ಚೀಲದಲ್ಲಿ ಬಂದಿದ್ದವು, ನೂರೈವತ್ತು. ನೋಡೋಕೆ ತಳವೂ ಇಲ್ಲದ, ಮುಚ್ಚಳವೂ ಇಲ್ಲದ ಡಬ್ಬಿ. ಉದ್ದದ ಬದಿ ಇಟ್ಟಿಗೆಯ ಉದ್ದ, ಗಿಡ್ಡ ಬದಿ ಇಟ್ಟಿಗೆಯ ಅಗಲ. ಒಳಗಡೆ ನಾಲ್ಕು ಮೂಲೆಗಳಲ್ಲಿ ಎದುರುಬದುರು ಇರುವ ಎರಡಕ್ಕೆ ಮಾತ್ರ ಗೀರು. ಆ ಎರಡು ಮೂಲೆಗೆ ತಟ್ಟಿದರೆ ಡಬ್ಬಿ ಬಾಯಿಬಿಟ್ಟು ಎರಡು ಮೊಣಕೈ ಆಕಾರದ ತುಂಡು ಆಗುತ್ತದೆ. ಇದನ್ನು ಕಂಬದ ಮೂಲೆಗೆ ತಂದು ಕೂರಿಸಿದರೆ ಒಂದು ಕಡೆಯಿಂದ ಇಟ್ಟಿಗೆಯ ಉದ್ದ ಕಾಣುತ್ತದೆ, ತಿರುಗಿ ನೋಡಿದರೆ ಅದೇ ಇಟ್ಟಿಗೆಯ ಅಗಲ. ಮೇಲಿನ ವರಸೆಗೆ ಅದನ್ನೇ ತಲೆಕೆಳಗು ಮಾಡಿ ಇಟ್ಟರೆ ಉದ್ದ ಅಗಲ ಅದಲು ಬದಲು. ಸಂದುಗಳು ಒಂದರ ಮೇಲೊಂದು ಬರುವುದಿಲ್ಲ, ನಿಜವಾದ ಇಟ್ಟಿಗೆ ಕಟ್ಟಡದಲ್ಲಿ ಇರುವ ಹಾಗೇ.

ಈ ತುಂಡು ಇಲ್ಲದಿದ್ದರೆ ಮೂಲೆಯಲ್ಲಿ ಟೈಲಿನ ದಪ್ಪ ಕಂಡುಬಿಡುತ್ತದೆ. ಎರಡು ಬಿಸ್ಕತ್ತು ಅಂಟಿಸಿದ್ದಾರೆ ಅಂತ ದಾರಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತದೆ. ಕಟಿಂಗ್ ಮಷೀನಿನಲ್ಲಿ ಅಂಚನ್ನು ಓರೆಗೆ ಸವೆದು ಸೇರಿಸುವವರೂ ಇದ್ದಾರೆ. ಧೂಳು ವಿಪರೀತ, ಆ ಚೂಪು ಅಂಚು ಮಕ್ಕಳ ಚೆಂಡು ತಾಗಿದರೂ ಉದುರುತ್ತದೆ. ಬಾಗದ ಮಣ್ಣಿನಲ್ಲಿ ಬಾಗಿದ ತುಂಡನ್ನು ಹುಟ್ಟಿಸೋಕೆ ಡಬ್ಬಿ ಮಾಡಿ ಒಡೆಯಬೇಕು ಅಂತ ಯಾರಿಗೆ ಹೊಳೆಯಿತೋ, ಅವರ ತಲೆಗೆ ಶರಣು.

ಮಧ್ಯಾಹ್ನ ಊಟ ಆದ ಮೇಲೆ ಪಕ್ಕದ ಬೀದಿಯ ಕುಂಬಾರರ ಅಜ್ಜ ಬಂದರು. ಎಂಬತ್ತು ದಾಟಿದೆ. ಚಕ್ರ ತಿರುಗಿಸುವುದು ಬಿಟ್ಟು ಕಾಲ ಆಯಿತು. ನಮ್ಮ ಹಿತ್ತಲಿನ ಹಳೇ ಕೊಟ್ಟಿಗೆಯ ಮೇಲಿನ ನಾಡಹೆಂಚು ಅವರ ಮನೆಯಿಂದಲೇ ಬಂದಿದ್ದು. ಮನೆ ಕೆಲಸ ನೋಡೋಕೆ ಅಂತ ದಿನಾ ಒಂದು ಸುತ್ತು ಬರುತ್ತಾರಂತೆ. ಹುಡುಗ ತಟ್ಟುವುದನ್ನು ಸ್ವಲ್ಪ ಹೊತ್ತು ನಿಂತು ನೋಡಿದರು.

"ಸುಟ್ಟ ಮೇಲೆ ಒಡೀತಾರಾ?"

"ಹೂಂ ಅಜ್ಜ," ಅಂದೆ.

"ಅದ್ಯಾವ ಬುದ್ಧಿ? ನಾವು ಸುಡೋಕೆ ಮುಂಚೇನೇ ಬಿಡಿಸ್ತಿದ್ವಿ."

ಆಮೇಲೆ ಕೂರಿಸಿ ಕೇಳಿದೆ. ನಾಡಹೆಂಚನ್ನು ಚಪ್ಪಟೆ ಮಣ್ಣು ಬಗ್ಗಿಸಿ ಮಾಡುತ್ತಾರೆ ಅಂತ ತಮ್ಮ ಅಂದುಕೊಂಡಿದ್ದ. ಹಾಗಲ್ಲ. ಚಕ್ರದ ಮೇಲೆ ತಳ ಇಲ್ಲದ ಉದ್ದನೆ ಕೊಳವೆ ಎತ್ತಬೇಕು. ಒಂದು ಬಾಯಿ ಅಗಲ, ಇನ್ನೊಂದು ಕಿರಿದು. ಕಿರಿದು ಯಾಕೆಂದರೆ ಮಾಡಿನ ಮೇಲೆ ಒಂದರ ತುದಿ ಇನ್ನೊಂದರ ಒಳಗೆ ಕೂರಬೇಕು. ಹಸಿ ಇರುವಾಗಲೇ ಒಳಗಡೆ ಎದುರುಬದುರಾಗಿ ಎರಡು ಗೀರು ಎಳೆಯಬೇಕು. ಪೂರ್ತಿ ಕತ್ತರಿಸಬಾರದು. ನೆರಳಲ್ಲಿ ನಿಲ್ಲಿಸಿ ಗಟ್ಟಿಯಾದ ಮೇಲೆ ಕೈಯಲ್ಲಿ ಹಿಡಿದು ಒಂದು ತಟ್ಟು. ಒಂದು ಕೊಳವೆಗೆ ಎರಡು ಹೆಂಚು.

"ಪೂರ್ತಿ ಕತ್ತರಿಸಿಬಿಟ್ರೆ ಏನಾಗ್ತಿತ್ತು ಅಜ್ಜ?" ತಮ್ಮ ಕೇಳಿದ.

"ಅಂಗಾತ ಬೀಳ್ತದೆ," ಅಂದರು ಅಜ್ಜ. ಕೈಯನ್ನೇ ಬೋರಲು ಬಾಗಿಸಿ, ನಿಧಾನಕ್ಕೆ ಬಿಡಿಸಿ ತೋರಿಸಿದರು. "ಜೊತೇಲಿ ಒಣಗಿದ್ರೆ ನೆಟ್ಟಗೆ ಒಣಗ್ತವೆ."

ತಮ್ಮ ನನ್ನ ಮುಖ ನೋಡಿದ. ನಾನು ಬೆಳಗ್ಗೆ ಇಷ್ಟುದ್ದ ಹೇಳಿದ್ದನ್ನು ಅವರು ಮೂರು ಮಾತಿನಲ್ಲಿ ಮುಗಿಸಿದ್ದರು.

ಆದರೆ ಸುಟ್ಟ ಮೇಲೆ ಒಡೆಯುವುದನ್ನು ಅಜ್ಜ ಕೊನೆವರೆಗೂ ಒಪ್ಪಲಿಲ್ಲ. ಹಸಿ ಹೆಂಚು ಸೀಳುವಾಗ ತಪ್ಪಿದರೆ ನೀರು ಹಾಕಿ ಮತ್ತೆ ಮಣ್ಣು ಮಾಡಿಕೊಳ್ಳಬಹುದು. ಸುಟ್ಟಿದ್ದು ತಪ್ಪಿದರೆ ಸೌದೆಯೂ ದಂಡ, ಮಣ್ಣೂ ದಂಡ. ಹುಡುಗ ಬೆಳಗ್ಗೆ ಹಾಳು ಮಾಡಿದ ಚೂರುಗಳ ರಾಶಿಯನ್ನು ಕೋಲಿನಿಂದ ತೋರಿಸಿ, "ಇದು ಯಾರ ದುಡ್ಡು?" ಅಂತ ಕೇಳಿದರು. ಮೇಸ್ತ್ರಿ ಬಿಡಲಿಲ್ಲ. ಹೆಂಚು ಎಷ್ಟು ಸೊಟ್ಟ ಇದ್ದರೂ ಮಾಡಿನ ಮೇಲೆ ನಡೆಯುತ್ತದೆ, ಗೋಡೆ ಮೇಲೆ ಒಂದು ಟೈಲ್ ಎರಡು ಮಿಲಿಮೀಟರ್ ಬಾಗಿದ್ದರೂ ಸಂಜೆ ಬಿಸಿಲಿಗೆ ನೆರಳು ಬೀಳುತ್ತದೆ ಅಂದರು. ಅದಕ್ಕೇ ಗೂಡಿನಿಂದ ಹೊರಗೆ ಬರುವವರೆಗೂ ಜೋಡಿ ಬಿಡಿಸಬಾರದು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಹದ, ಅಲ್ವಾ.

ಗೋಡೆಗೆ ಕೂರಿಸುವ ಕೆಲಸ ಮೂರು ಗಂಟೆಗೆ ಶುರುವಾಯಿತು. ಒಡೆದ ತುಂಡುಗಳನ್ನು ಮೊದಲು ಡ್ರಮ್ಮಿನ ನೀರಿನಲ್ಲಿ ಮುಳುಗಿಸಿದರು. ಒಣ ಮಣ್ಣು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಆಮೇಲೆ ಸಿಮೆಂಟಿಗೆ ಹಿಡಿತ ಬರುವುದಿಲ್ಲ. ಮೇಸ್ತ್ರಿ ದಾರ ಕಟ್ಟಿ, ಕರಣೆಯಲ್ಲಿ ಗಾರೆಯನ್ನು ಟೈಲಿನ ಬೆನ್ನಿಗೆ ಒತ್ತಿ ತುಂಬುತ್ತಿದ್ದರು. ಒಡೆದಾಗ ಉಳಿದ ಏಣುಗಳ ಸಂದಿಯಲ್ಲಿ ಗಾರೆ ಹೋಗಿ ಕಚ್ಚಿಕೊಳ್ಳುತ್ತದೆ. ಹಾಗಾಗಿ ಗಾರೆ ಗಟ್ಟಿಯಾದ ಮೇಲೆ ಟೈಲ್ ಹೊರಗೆ ಜಾರಿ ಬರುವ ಹಾಗಿಲ್ಲ. ನುಣುಪು ಬೆನ್ನಿನ ಟೈಲ್ ಗೋಡೆಯಿಂದ ಎದ್ದು ಬಂದಿದ್ದನ್ನು ನಾನು ಬೆಂಗಳೂರಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಕತ್ತಲಾಗುವ ಮುಂಚೆ ಒಂದು ಕಂಬ ಎದೆಮಟ್ಟಕ್ಕೆ ಬಂತು. ಮೂಲೆ ಚೆನ್ನಾಗಿ ಕೂತಿತ್ತು. ಉಳಿದ ಗೋಡೆ ವೇಷ ಅನ್ನುವ ನನ್ನ ಅಭಿಪ್ರಾಯ ಈಗಲೂ ಹಾಗೇ ಇದೆ, ಮೂಲೆಯ ಬಗ್ಗೆ ಮಾತ್ರ ತಕರಾರಿಲ್ಲ. ತಮ್ಮನ ಹೆಂಡತಿ ಟಾರ್ಚ್ ಹಿಡಿದು ಬಂದು ಸುತ್ತಲೂ ನೋಡಿ, ಸಂದಿಗೆ ಕಪ್ಪು ಬಣ್ಣದ ಸಿಮೆಂಟ್ ತುಂಬಿಸಬೇಕು ಅಂದಳು. ತಮ್ಮ ಬಿಳಿ ಅಂದ. ಮೇಸ್ತ್ರಿ, ಮೊದಲು ಅಂಗಡಿಗೆ ಫೋನ್ ಮಾಡಿ ಇನ್ನೊಂದು ಇಪ್ಪತ್ತು ಡಬ್ಬಿ ತರಿಸಿ, ಬಣ್ಣ ಆಮೇಲೆ ನೋಡೋಣ ಅಂದರು. ಬೆಳಗ್ಗೆ ಅಷ್ಟು ಕೂಗಾಡಿದ ಮೇಲೆ ಆ ಫೋನ್ ಯಾರು ಮಾಡಬೇಕು ಅನ್ನುವುದು ರಾತ್ರಿ ಊಟದವರೆಗೂ ಇತ್ಯರ್ಥ ಆಗಲಿಲ್ಲ. ಕೊನೆಗೆ ನನ್ನ ತಲೆಗೇ ಕಟ್ಟಿದರು.