ಅಪ್ಪ ಅಮ್ಮನ ಜೊತೆ ಬೆಳಗಿನ ಫೋಟೊಗ್ರಫಿ: ಕೋಲಾರದ ಕೆರೆಯಂಚಿನ ಸ್ಮಶಾನಗಳು

ಬೆಂಗಳೂರಿನಿಂದ ನರಸಾಪುರಕ್ಕೆ ಸುಮಾರು 50 ಕಿ.ಮೀ. ಅಲ್ಲಿಂದ ಕೋಲಾರದವರೆಗೆ ಹೆದ್ದಾರಿಯ ಆಚೀಚೆ ಅನೇಕ ಹಳ್ಳಿಗಳ ಸ್ಮಶಾನ ಕೆರೆಯ ಹತ್ತಿರವೇ ಇದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ (ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವುದು) ನೀರು ಲಕ್ಷ್ಮೀಸಾಗರ ಕೆರೆಗೆ ಬಂದು, ಬತ್ತಿದ್ದ ಕೆರೆಗಳು ಒಂದೊಂದಾಗಿ ತುಂಬಿದವು. ನೀರು ನಿಂತ ಕೆರೆಯಿಂದ ಚಳಿಗಾಲದ ಬೆಳಿಗ್ಗೆ ಮಂಜು ಏಳುತ್ತದೆ. ನವೆಂಬರ್ ಕೊನೆಯಿಂದ ಫೆಬ್ರವರಿ ಆರಂಭದವರೆಗೆ ಒಳ್ಳೆಯ ಕಾಲ. ಸೂರ್ಯ ಹುಟ್ಟುವುದು 6:20ರಿಂದ 6:45ರ ಒಳಗೆ.

ಹೊರಡುವ ಮುಂಚೆ ಸ್ಮಶಾನಕ್ಕೆ ಬರಲು ಇಷ್ಟವೇ ಎಂದು ಅಮ್ಮನನ್ನೋ ಅಪ್ಪನನ್ನೋ ಸ್ಪಷ್ಟವಾಗಿ ಕೇಳಿ. ಕೆಲವು ಮನೆಗಳಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವ ರೂಢಿಯಿಲ್ಲ. ಹಿರಿಯರಿಗೆ ಇಷ್ಟವಿಲ್ಲದಿದ್ದರೆ ಕೆರೆ ಏರಿಯ ಮೇಲೇ ನಿಲ್ಲಿ, ಅಲ್ಲೂ ಒಳ್ಳೆಯ ಚಿತ್ರ ಸಿಗುತ್ತದೆ. ಅಮಾವಾಸ್ಯೆ, ಷಬ್-ಎ-ಬರಾತ್‌ನಂಥ ದಿನ ಮನೆಯವರೇ ಸಮಾಧಿಗೆ ಬರುತ್ತಾರೆ, ಅಂದು ಬೇಡ. ಕ್ರೈಸ್ತರ ಸ್ಮಶಾನಕ್ಕೆ, ಸತ್ತವರನ್ನು ನೆನೆಯುವ ನವೆಂಬರ್ 2ರಂದು ಹೋಗಬೇಡಿ.

ಫೋಟೊ ತೆಗೆಯಲು ಊರವರ ಒಪ್ಪಿಗೆಯನ್ನು ಹಿಂದಿನ ವಾರವೇ ಹಗಲು ಹೊತ್ತಿನಲ್ಲಿ ಹೋಗಿ ಕೇಳುವುದು ಉತ್ತಮ. ಕತ್ತಲಲ್ಲಿ ಟ್ರೈಪಾಡ್ ಹಿಡಿದ ಅಪರಿಚಿತರನ್ನು ಕಂಡರೆ ಊರವರಿಗೆ ನಿಧಿಗಳ್ಳರ ಅನುಮಾನ ಬರುವುದು ಸಹಜ. ಖಬರಸ್ಥಾನವಾದರೆ ಮಸೀದಿಯವರನ್ನು, ಕ್ರೈಸ್ತರದಾದರೆ ಚರ್ಚಿನವರನ್ನು, ಊರಿನದಾದರೆ ಪಕ್ಕದ ಹೊಲದವರನ್ನೋ ಪಂಚಾಯಿತಿ ಸದಸ್ಯರನ್ನೋ ಮಾತನಾಡಿಸಿ. ತೋಟದೊಳಗಿನ ಸಮಾಧಿ ಆ ಮನೆಯವರ ಸ್ವಂತ ಜಾಗ, ಕೇಳದೆ ಕಾಲಿಡಬೇಡಿ. ಮಾತು ಶುರು ಮಾಡಲು ಅಪ್ಪನನ್ನೇ ಬಿಡಿ. ವಯಸ್ಸಾದವರು ಕೇಳಿದರೆ ಹಳ್ಳಿಯಲ್ಲಿ ಜನ ನಿಂತು ಉತ್ತರ ಕೊಡುತ್ತಾರೆ.

ಸಕ್ಕರೆ ಕಾಯಿಲೆ ಇದ್ದವರು ಬರಿಹೊಟ್ಟೆಯಲ್ಲಿ ಬರುವುದು ಬೇಡ. ಬಿಸ್ಕತ್ತು, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಬಿಸಿನೀರು, ಬೆಳಗಿನ ಮಾತ್ರೆ ಕೈಚೀಲದಲ್ಲಿರಲಿ. ಶೌಚಾಲಯಕ್ಕೆ ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲೇ ನಿಲ್ಲಿಸಿ, ಒಳದಾರಿಯಲ್ಲಿ ಸಿಗುವುದು ಕಷ್ಟ. ಮಡಚುವ ಕುರ್ಚಿ ಕನಿಷ್ಠ 45 ಸೆಂ.ಮೀ. ಎತ್ತರವಿರಲಿ, ಒರಗು ಇರಲೇಬೇಕು. ಫೋಟೊದವರು ಒಯ್ಯುವ ಗಿಡ್ಡ ಸ್ಟೂಲಿನಿಂದ ಮೊಣಕಾಲು ನೋವಿದ್ದವರು ಏಳಲಾರರು.

ನೆಲದ ವಿಷಯದಲ್ಲಿ ತುಂಬ ಎಚ್ಚರ ಬೇಕು. ಹಳೆಯ ಗುಂಡಿಗಳ ಮಣ್ಣು ಒಳಗೆ ಕುಸಿದಿರುತ್ತದೆ, ಮೇಲೆ ಹುಲ್ಲು ಬೆಳೆದು ತಗ್ಗು ಕಾಣುವುದಿಲ್ಲ. ಚಪ್ಪಡಿಯ ಮೇಲೆ ಕಾಲಿಡುವುದು ಅಗೌರವ, ಜೊತೆಗೆ ಅದು ಹೊರಳಲೂಬಹುದು. ಜಾಲಿಮುಳ್ಳು ತೆಳು ಚಪ್ಪಲಿಯನ್ನು ತೂರಿ ಬರುತ್ತದೆ, ದಪ್ಪ ಅಡಿಯ ಶೂ ಹಾಕಿಸಿ. ಹುತ್ತವಿರುವ ಕಡೆ ಹಾವಿನ ಭಯ. ಟಾರ್ಚ್ ಹಿಡಿದು, ಕೋಲಿನಿಂದ ನೆಲ ತಟ್ಟುತ್ತ ನೀವೇ ಮೊದಲು ನಡೆದು ನೋಡಿ. ಆಮೇಲೆ ಹಿರಿಯರನ್ನು ಕರೆದುಕೊಂಡು ಹೋಗಿ, ಒಂದೇ ಜಾಗದಲ್ಲಿ ಕೂರಿಸಿ. ಅಲ್ಲಿಂದ ಕಾಣುವಷ್ಟನ್ನೇ ತೆಗೆಯುವುದೆಂದು ನಿಶ್ಚಯಿಸಿಕೊಂಡರೆ ಇಬ್ಬರಿಗೂ ನೆಮ್ಮದಿ, ಚಿತ್ರವೂ ಸುಧಾರಿಸುತ್ತದೆ.

ಕೆಲಸದ ಬೆಳಕು ಸಿಗುವುದು ಸೂರ್ಯ ಹುಟ್ಟಿದ ಮೇಲೆ ಮೊದಲ ಅರ್ಧ ಗಂಟೆ ಮಾತ್ರ. ಓರೆ ಬಿಸಿಲು ಕಲ್ಲಿನ ಮೈಗೆ ಸವರಿಕೊಂಡು ಹೋದಾಗ ಸವೆದ ಅಕ್ಷರದ ತಗ್ಗಿನಲ್ಲಿ ನೆರಳು ಕೂತು ಓದಲು ಬರುತ್ತದೆ. ಬಿಸಿಲು ನೇರವಾಗಿ ಮುಖಕ್ಕೆ ಬಿದ್ದರೆ ಅದೇ ಅಕ್ಷರ ಮಾಯ. ಆದ್ದರಿಂದ ದಕ್ಷಿಣಕ್ಕೆ ಮುಖಮಾಡಿದ ಕಲ್ಲನ್ನು ಆರಿಸಿಕೊಳ್ಳಿ. ಚಳಿಗಾಲದಲ್ಲಿ ಸೂರ್ಯ ಆಗ್ನೇಯದ ಕಡೆ ಹುಟ್ಟುವುದರಿಂದ ದಕ್ಷಿಣದ ಮುಖಕ್ಕೆ ಓರೆ ಬಿಸಿಲು ಬೀಳುತ್ತದೆ, ಉತ್ತರದ ಮುಖ ನೆರಳಲ್ಲೇ ಉಳಿಯುತ್ತದೆ. ನೆರಳಿನ ಬದಿಗೆ ಬಿಳಿ ಥರ್ಮೊಕೋಲ್ ಹಿಡಿದರೆ ಸಾಕು, ಅದನ್ನು ಕೂತಲ್ಲೇ ಅಪ್ಪ ಹಿಡಿಯಬಹುದು. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ, ಹಿಟ್ಟು ಬಳಿಯುವುದು, ಬ್ರಷ್‌ನಿಂದ ಉಜ್ಜುವುದು ದಯವಿಟ್ಟು ಬೇಡ. ಕಲ್ಲಿನ ಮೇಲ್ಪದರ ಸವೆದರೆ ಮತ್ತೆ ಬರುವುದಿಲ್ಲ.

ಮಂಜಿನಲ್ಲಿ ಕ್ಯಾಮೆರಾದ ಬೆಳಕಳೆಯುವ ಮೀಟರ್ ಬಿಳುಪನ್ನು ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ (ಚಿತ್ರದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) +0.7ರಿಂದ +1ರವರೆಗೆ ಏರಿಸಿ. ಟ್ರೈಪಾಡ್ ಇದ್ದರೆ ಲೆನ್ಸಿನ ದ್ವಾರ (ಅಪರ್ಚರ್) ಎಫ್ 8, ಬೆಳಕಿನ ಸಂವೇದನೆ ಐಎಸ್‌ಒ 100. ಫೋನಿನಲ್ಲಾದರೆ ಕಲ್ಲಿನ ಮೇಲೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಮಂಜಿನಲ್ಲಿ ಆಟೊಫೋಕಸ್ ಹುಡುಕಾಡುತ್ತದೆ. ಕಾರಿನ ಎಸಿಯನ್ನು ತಲುಪುವ 15 ನಿಮಿಷ ಮೊದಲೇ ಆರಿಸಿ, ಇಲ್ಲವಾದರೆ ತಣ್ಣಗಾದ ಲೆನ್ಸಿನ ಮೇಲೆ ತೇವ ಕಟ್ಟುತ್ತದೆ.

ಹೊಸ ಮಣ್ಣಿನ ದಿಬ್ಬ, ಬಾಡದ ಹೂವು, ಹಾಲು-ತುಪ್ಪ ಬಿಟ್ಟ ಗುರುತು ಕಂಡರೆ ಆ ಕಡೆ ಕ್ಯಾಮೆರಾ ತಿರುಗಿಸಬೇಡಿ. ಯಾರಾದರೂ ಅಳುತ್ತ ಬಂದರೆ ಕ್ಯಾಮೆರಾ ಚೀಲ ಸೇರಲಿ, ನೀವು ದೂರ ಸರಿಯಿರಿ. ಇತ್ತೀಚಿನ ಸಮಾಧಿಯ ಹೆಸರು, ಭಾವಚಿತ್ರ ಇರುವ ಫೋಟೊಗಳನ್ನು ಎಲ್ಲೂ ಹಂಚಬಾರದು.

ಇನ್ನೂ ಶಕ್ತಿಯಿದ್ದರೆ ಕೋಲಾರದ ಮಖ್ಬರಾ ನೋಡಬಹುದು, ಹೈದರಾಲಿಯ ತಂದೆ ಫತೇ ಮಹಮ್ಮದ್ ಅವರ ಸಮಾಧಿ ಇರುವುದು ಅಲ್ಲಿ. ತಲೆಗೆ ಬಟ್ಟೆ ಇಟ್ಟುಕೊಂಡಿರಿ, ಚಪ್ಪಲಿ ಹೊರಗೆ ಬಿಡಿ. ಅಂತರಗಂಗೆ ಬೆಟ್ಟದ ಮೆಟ್ಟಿಲು ಅದೇ ದಿನ ಬೇಡ. ಮೈಲಿಗೆ ನೋಡುವವರಾದರೆ ಕೋಲಾರಮ್ಮನ ಗುಡಿಯನ್ನೂ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ, ದಾರಿಯಲ್ಲಿ ನೆಂಟರ ಮನೆಗೆ ನುಗ್ಗಬೇಡಿ. ಭಾನುವಾರವೇ ಹೋಗಿ. ವಾರದ ದಿನವಾದರೆ ವಾಪಸಾಗುವ ಬೆಳಗಿನ ಹೊತ್ತು ಬೆಂಗಳೂರಿನ ಕೆ.ಆರ್. ಪುರದಲ್ಲಿ ವಾಹನ ತೆವಳುತ್ತವೆ, ನಸುಕಿನಲ್ಲೇ ಎದ್ದ ಹಿರಿಯರು ಕಾರಿನಲ್ಲಿ ಕೂತು ಸೋತುಹೋಗುತ್ತಾರೆ. ಬರುವಷ್ಟರಲ್ಲಿ ಸ್ನಾನಕ್ಕೆ ನೀರು ಕಾಯಿಸಿಡಲು ಮನೆಗೆ ಫೋನ್ ಮಾಡಿ.