ಲೈಸೆನ್ಸ್ ಬಂದ್ರೂ ಏರಲ್ಲಿ ಕಾರು ಯಾಕೆ ಆಫ್ ಆಗುತ್ತೆ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಪುಣೆಗೆ ಹೊಸದಾಗಿ ಬಂದ ನಮ್ಮವರು, ಅದರಲ್ಲೂ ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ಕೆಲಸಕ್ಕೆ ಸೇರಿ ಮೊದಲನೇ ಕಾರು ತಗೊಂಡವರು, ನನ್ನನ್ನ ಕೇಳೋದು ಹೆಚ್ಚೂಕಡಿಮೆ ಒಂದೇ ಪ್ರಶ್ನೆ. "ಅಕ್ಕಾ, ಕ್ಲಾಸ್ ಮುಗಿಸೀನಿ, ಲೈಸೆನ್ಸೂ ಬಂದದ, ಆದ್ರ ಬ್ರಿಜ್ ಏರಬೇಕಾದ್ರ ಗಾಡಿ ಬಂದ್ ಬೀಳ್ತದ, ಇಲ್ಲಾಂದ್ರ ಹಿಂದಕ್ಕ ಸರೀತದ. ಇದನ್ನ ಮಾರಿ ಆಟೋಮ್ಯಾಟಿಕ್ ತಗೊಂಡ್ಬಿಡ್ಲೇನು?" ಎರಂಡವಣೆಯ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದ್ರೂ ಇದೇ, ನಮ್ಮ ಸೊಸೈಟಿ ಲಿಫ್ಟಲ್ಲೂ ಇದೇ. ಒಬ್ಬೊಬ್ಬರಿಗೆ ನಿಂತ್ಕೊಂಡು ಹೇಳಿದ್ರೆ ಅರ್ಧ ಅರ್ಧ ಆಗುತ್ತೆ, ಅದಕ್ಕೇ ಪೂರ್ತಿಯಾಗಿ ಬರೀತಾ ಇದೀನಿ.

ಮೊದಲು ಒಂದು ಮಾತು, ನಿಮಗೆ ಡ್ರೈವಿಂಗ್ ಕೈಗೆ ಹತ್ತಲ್ಲ ಅನ್ನೋದು ಸುಳ್ಳು. ನಿಮ್ಮ ಎಡಗಾಲಿಗೆ ಯಾರೂ ಪಾಠ ಮಾಡಿಲ್ಲ, ಅಷ್ಟೇ. ಡ್ರೈವಿಂಗ್ ಸ್ಕೂಲ್ ಕಾರಲ್ಲಿ ಕಲಿಸೋರ ಕಡೆಗೂ ಕ್ಲಚ್, ಬ್ರೇಕ್ ಇರುತ್ತೆ, ಎರಡೂ ಕಡೆಯ ಪೆಡಲ್ ಒಂದಕ್ಕೊಂದು ಜೋಡಿಸಿರ್ತಾರೆ. ಮೊದಲನೇ ದಿನವೇ ಕರ್ವೇ ರೋಡಿಗೆ ಕರ್ಕೊಂಡ್ ಹೋಗ್ತಾರೆ, ಹಿಂದೆ ಪಿಎಂಪಿಎಂಎಲ್ ಸಿಟಿ ಬಸ್ಸು, ಎರಡೂ ಪಕ್ಕ ಸ್ಕೂಟಿಗಳು, ಅಲ್ಲಿ ನಿಮ್ಮ ಗಾಡಿ ಆಫ್ ಆಗೋಕೆ ಬಿಟ್ರೆ ರಸ್ತೆನೇ ಜಾಮ್, ಹಾಗಾಗಿ ಅವರು "ಹಳೂ ಸೋಡಾ, ಹಳೂ" (ಮೆಲ್ಲಗೆ ಬಿಡಿ) ಅಂತ ಮರಾಠಿಯಲ್ಲಿ ಹೇಳ್ತಾ ಹೇಳ್ತಾ ತಮ್ಮ ಕಾಲಲ್ಲಿ ಕ್ಲಚ್ ಸಂಭಾಳಿಸ್ತಾರೆ. ಕಲಿಯುವಾಗ ನಿಮ್ಮ ಪಾದದ ಕೆಳಗಿಂದ ಪೆಡಲ್ ತಾನಾಗೇ ಕೆಳಗೆ ಹೋದಂಗೆ ಅನ್ಸಿತ್ತಲ್ವಾ? ಅದು ಅವರ ಕಾಲು. ಅವರು ಮಾಡಿದ್ದು ಸುರಕ್ಷತೆಗೇ, ಅದರಲ್ಲಿ ತಪ್ಪಿಲ್ಲ, ಆದ್ರೆ ನೀವು ಸ್ಟೇರಿಂಗ್ ಕಲಿತ್ರಿ, ಗೇರ್ ಹಾಕೋದು ಕಲಿತ್ರಿ, ಕ್ಲಚ್ ಮಾತ್ರ ಅವರ ಹತ್ರಾನೇ ಉಳಿದುಹೋಯ್ತು. ಕೋರ್ಸ್ ಮುಗಿದು ಸ್ವಂತ ಕಾರಲ್ಲಿ ಕೂತಾಗ ಪಕ್ಕದಲ್ಲಿ ಆ ಕಾಲು ಇರಲ್ಲ.

ವಿಚಿತ್ರ ಅಂದ್ರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲೇ, ಟೆಸ್ಟಿಗೆ ಬಂದವರು ಕಡಿದಾದ ಏರಲ್ಲಿ ಗಾಡಿ ನಿಲ್ಲಿಸಿ ಹಿಂದಕ್ಕೆ ಜಾರದಂಗೆ ಮತ್ತೆ ಹೊರಡೋಕೆ ಬರಬೇಕು ಅಂತ ಬರೆದಿದೆ. ಅಂದ್ರೆ ನೀವು ಕೇಳ್ತಿರೋದು ಏನೋ ದೊಡ್ಡ ವಿದ್ಯೆ ಅಲ್ಲ, ಎಲ್ಲರಿಗೂ ಕಲಿಸಲೇಬೇಕಾದ ಪಾಠ.

ಸರಿ, ಕ್ಲಚ್ ಅಂದ್ರೆ ಏನು. ಎಂಜಿನ್ ತಿರುಗ್ತಾ ಇರುತ್ತೆ, ಗಾಡಿ ನಿಂತಿದ್ರೂ ನಿಮಿಷಕ್ಕೆ ಸುಮಾರು 800 ಸುತ್ತು, ಡ್ಯಾಶ್‌ಬೋರ್ಡಲ್ಲಿ ಆರ್‌ಪಿಎಂ ಮುಳ್ಳು ಒಂದಕ್ಕಿಂತ (ಅಂದ್ರೆ ಸಾವಿರಕ್ಕಿಂತ) ಸ್ವಲ್ಪ ಕೆಳಗೆ ತೋರಿಸುತ್ತಲ್ಲ ಅದು. ಚಕ್ರ ಮಾತ್ರ ನಿಂತಿದೆ. ಎಂಜಿನ್ ತುದಿಯಲ್ಲಿ ಫ್ಲೈವೀಲ್ ಅಂತ ಒಂದು ಭಾರದ ಚಕ್ರ, ಅದರ ಮುಖಕ್ಕೆ ಗೇರ್‌ಬಾಕ್ಸ್ ಕಡೆಯ ಕ್ಲಚ್ ಪ್ಲೇಟನ್ನ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತೆ. ಪೆಡಲ್ ತುಳಿದ್ರೆ ಪ್ಲೇಟ್ ಸಡಿಲ ಆಗುತ್ತೆ, ಬಿಟ್ರೆ ಕಚ್ಕೊಳ್ಳುತ್ತೆ. ಓಡ್ತಿರೋ ಬಸ್ ಹತ್ತೋರು ಬಸ್ ಜೊತೆ ನಾಲ್ಕು ಹೆಜ್ಜೆ ಓಡಿ ಆಮೇಲೆ ಕಂಬಿ ಹಿಡೀತಾರಲ್ಲ, ಹಂಗೆ ನಿಂತ ಚಕ್ರ ತಿರುಗೋ ಎಂಜಿನ್ನಿನ ವೇಗಕ್ಕೆ ಬರೋಕೆ ಸ್ವಲ್ಪ ಹೊತ್ತು ಬೇಕು, ಆ ಹೊತ್ತಲ್ಲಿ ಪ್ಲೇಟು ಅರ್ಧ ಕಚ್ಚಿ ಅರ್ಧ ಜಾರ್ತಾ ಇರುತ್ತೆ. ಇದನ್ನೇ ಹಾಫ್ ಕ್ಲಚ್ ಅನ್ನೋದು. ಪೆಡಲ್ ಫಟ್ಟಂತ ಬಿಟ್ರೆ ಗಾಡಿಯ ಭಾರವೆಲ್ಲ ಒಮ್ಮೆಲೇ ಎಂಜಿನ್ ಮೇಲೆ ಬೀಳುತ್ತೆ, 800 ಇದ್ದಿದ್ದು ಪಾತಾಳಕ್ಕಿಳಿದು ಎಂಜಿನ್ ನಿಲ್ಲುತ್ತೆ.

ಈಗ ಅಭ್ಯಾಸ. ಸಮತಟ್ಟಾದ, ಖಾಲಿ ಜಾಗ ಬೇಕು. ಬಾಲೇವಾಡಿ ಕಡೆ ಅಗಲ ರಸ್ತೆಗಳಿವೆ, ಬೆಳಗ್ಗೆ ಆರು ಗಂಟೆಗೆ ಹೋದ್ರೆ ವಾಕಿಂಗ್‌ನವರು ಬಿಟ್ರೆ ಯಾರೂ ಇರಲ್ಲ, ಅಥವಾ ನಿಮ್ಮ ಸೊಸೈಟಿ ಒಳಗೇ ಮಾಡಿ. ಇನ್ನೂ ಲರ್ನಿಂಗ್ ಲೈಸೆನ್ಸಲ್ಲೇ ಇದ್ರೆ ಪಕ್ಕದಲ್ಲಿ ಲೈಸೆನ್ಸ್ ಇರೋರು ಕೂತಿರಬೇಕು, ಮುಂದೆ ಹಿಂದೆ ಬಿಳಿ ಹಲಗೆ ಮೇಲೆ ಕೆಂಪು ಎಲ್ ಇರಬೇಕು, ಇದರಲ್ಲಿ ರಾಜಿ ಬೇಡ. ಚಪ್ಪಲಿ ಸಡಿಲ ಇದ್ರೆ ಬಿಚ್ಚಿಡಿ, ಶೂ ಹಾಕ್ಕೊಳ್ಳಿ. ಸೀಟನ್ನ ಎಷ್ಟು ಮುಂದೆ ತರಬೇಕು ಅಂದ್ರೆ ಕ್ಲಚ್ ಪೂರ್ತಿ ತುಳಿದ ಮೇಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ನಮ್ಮ ಹೆಣ್ಣುಮಕ್ಕಳು ಎಷ್ಟೋ ಜನ ಗಂಡನಿಗೆ ಹೊಂದಿಸಿದ ಸೀಟಲ್ಲೇ ಕೂತು ಕಾಲ್ಬೆರಳ ತುದಿಯಲ್ಲಿ ಕ್ಲಚ್ ಒತ್ತಿ ಒದ್ದಾಡ್ತಾರೆ, ಸೀಟು ಎಳ್ಕೊಂಡ ತಕ್ಷಣ ಅರ್ಧ ಸಮಸ್ಯೆ ಹೋಗುತ್ತೆ. ಯಾರಾದ್ರೂ ನಕ್ರೆ ನಗ್ಲಿ, ಸೀಟು ನಿಮ್ಮದು.

ಕ್ಲಚ್ ಪೂರ್ತಿ ತುಳೀರಿ, ಫಸ್ಟ್ ಗೇರ್ ಹಾಕಿ, ಬಲಗಾಲು ಬ್ರೇಕ್ ಮೇಲಿಂದ ತೆಗೆದು ಪಕ್ಕಕ್ಕಿಡಿ. ಆಕ್ಸಿಲರೇಟರ್ ಮುಟ್ಟಬೇಡಿ. ಮುಟ್ಟಲೇಬೇಡಿ. ಈಗ ಎಡಗಾಲನ್ನ ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೆ ಬಿಡಿ. ಒಂದು ಹಂತಕ್ಕೆ ಬಂದಾಗ ಎಂಜಿನ್ ಸದ್ದು ಗಡಸಾಗುತ್ತೆ, ಮುಳ್ಳು ಚೂರು ಇಳಿಯುತ್ತೆ, ಪಾದಕ್ಕೆ ಸಣ್ಣಗೆ ನಡುಕ ಸಿಗುತ್ತೆ, ಗಾಡಿ ಮುಂದಕ್ಕೆ ಹೋಗೋಕೆ ಉಸಿರು ಹಿಡಿದಂಗೆ ಆಗುತ್ತೆ. ಅಲ್ಲೇ ಕಾಲು ನಿಲ್ಲಿಸಿ. ಬಿಡಬೇಡಿ, ತುಳೀಬೇಡಿ. ಗಾಡಿ ತಾನಾಗಿ ಉರುಳೋಕೆ ಶುರುವಾಗುತ್ತೆ, ಉರುಳಿದ ಮೇಲೆ ಇನ್ನೊಂದೆರಡು ಕ್ಷಣ ಹಿಡಿದು, ಆಮೇಲೆ ಪೂರ್ತಿ ಬಿಡಿ. ಈಗಿನ ಕಾರುಗಳಲ್ಲಿ ಎಂಜಿನ್ ಕಂಪ್ಯೂಟರ್ರು ಸುತ್ತು ಕಡಿಮೆ ಆಗ್ತಿದ್ದಂಗೆ ಸ್ವಲ್ಪ ಇಂಧನ ಜಾಸ್ತಿ ಕೊಡುತ್ತೆ, ಅದಕ್ಕೇ ಸಮತಟ್ಟಲ್ಲಿ ಆಕ್ಸಿಲರೇಟರ್ ಇಲ್ಲದೇನೂ ಹೊರಡುತ್ತೆ, ಡೀಸೆಲ್ ಆದ್ರಂತೂ ಇನ್ನೂ ಸಲೀಸು. ನಿಲ್ಸಿ, ಮತ್ತೆ ಹೊರಡಿ. ಮತ್ತೆ ನಿಲ್ಸಿ. ಸೆಕೆಂಡ್ ಗೇರ್ ಹಾಕೋ ಆಸೆ ಬರುತ್ತೆ, ಬೇಡ. ನೋಡದೇ, ಮಾತಾಡ್ತಾ ಮಾತಾಡ್ತಾ ಕಾಲು ಆ ಜಾಗಕ್ಕೆ ಹೋಗಿ ನಿಲ್ಲೋ ತನಕ ಇದೊಂದೇ ಮಾಡಿ. ಒಂದೊಂದು ಕಾರಲ್ಲಿ ಅದು ಒಂದೊಂದು ಎತ್ತರದಲ್ಲಿರುತ್ತೆ, ಪ್ಲೇಟ್ ಸವೀತಾ ಬಂದಂಗೆ ಮೇಲಕ್ಕೂ ಹೋಗಬಹುದು, ಹಾಗಾಗಿ ಬೇರೆಯವರ ಗಾಡಿ ತಗೊಂಡಾಗ ಪಾರ್ಕಿಂಗಲ್ಲೇ ಒಂದು ಸಲ ಹುಡುಕ್ಕೊಂಡು ಹೊರಡೋದು ಒಳ್ಳೇದು.

ಇದು ಬಂತು ಅಂದ್ರೆ ಏರು ಕಷ್ಟ ಅಲ್ಲ. ಪುಣೆಯಲ್ಲಿ ಏರು ಕಲಿಯೋಕೆ ದೂರ ಹೋಗೋದೂ ಬೇಡ, ನಿಮ್ಮ ಸೊಸೈಟಿ ಬೇಸ್‌ಮೆಂಟ್ ರ‍್ಯಾಂಪ್ ಇದೆಯಲ್ಲ. ಮಧ್ಯಾಹ್ನ ಓಡಾಟ ಇಲ್ಲದಾಗ ಹೋಗಿ, ಹಿಂದೆ ಗಾಡಿ, ಜನ, ಮಕ್ಕಳು ಯಾರೂ ಬರದಂಗೆ ಒಬ್ಬರನ್ನ ನಿಲ್ಸಿ. ರ‍್ಯಾಂಪ್ ಅರ್ಧದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೀರಿ. ನ್ಯೂಟ್ರಲ್ ಮಾಡಿದ್ರೆ ಎರಡೂ ಕಾಲು ಈಗ ಬಿಡುವು, ಗಾಡಿ ಎಲ್ಲೂ ಹೋಗಲ್ಲ, ಗಾಬರಿ ಬೇಡ. ಕ್ಲಚ್ ಪೂರ್ತಿ ತುಳಿದು ಫಸ್ಟ್ ಗೇರ್ ಹಾಕಿ. ಆಕ್ಸಿಲರೇಟರ್ ಸ್ವಲ್ಪ ಕೊಡಿ, ಮುಳ್ಳು 1500ಕ್ಕೆ (ಒಂದೂವರೆಗೆ) ಬಂದು ನಿಲ್ಲೋ ಅಷ್ಟು, ಈಗ ಕ್ಲಚ್ ಮೇಲೆ ಬಿಡ್ತಾ ಬನ್ನಿ. ಕಚ್ಕೊಂಡಾಗ ಬಾನೆಟ್ ಒಂಚೂರು ಮೇಲಕ್ಕೆದ್ದಂಗೆ ಆಗುತ್ತೆ, ಗಾಡಿ ಹ್ಯಾಂಡ್‌ಬ್ರೇಕ್ ಜೊತೆ ಜಗಳ ಆಡ್ತಿದೆ ಅನ್ಸುತ್ತೆ. ಆ ಘಳಿಗೆಗೆ ಹ್ಯಾಂಡ್‌ಬ್ರೇಕ್ ಇಳಿಸಿ. ಗಾಡಿ ಒಂದಿಂಚೂ ಹಿಂದಕ್ಕೆ ಸರಿಯಲ್ಲ. ಮೊದಲ ಸಲ ಹಂಗೆ ಹೊರಟಾಗ ಕಲಿಯೋರ ಮುಖ ನೋಡಬೇಕು! ನಮ್ಮ ಸೊಸೈಟಿಯಲ್ಲೇ ಒಬ್ಬರು ರ‍್ಯಾಂಪ್ ಹೆದರಿಕೆಗೆ ಕಾರನ್ನ ದಿನಾ ಹೊರಗೆ ರಸ್ತೆಯಲ್ಲಿ ನಿಲ್ಲಿಸ್ತಿದ್ರು, ಈಗ ಕತ್ತಲಲ್ಲಿ ಮಳೆಯಲ್ಲಿ ಆರಾಮಾಗಿ ಏರಿಸ್ತಾರೆ.

ಹೊಸ ಕಾರುಗಳಲ್ಲಿ ಹಿಲ್ ಹೋಲ್ಡ್ ಇರುತ್ತೆ, ಬ್ರೇಕಿಂದ ಕಾಲು ತೆಗೆದ್ರೂ ಎರಡ್ಮೂರು ಸೆಕೆಂಡ್ ಹಿಡ್ಕೊಂಡಿರುತ್ತೆ. ಇದ್ರೆ ಬಳಸಿ, ಆದ್ರೆ ಅದನ್ನೇ ನಂಬಿ ಕಲೀಬೇಡಿ.

ಒಂದು ಕೆಟ್ಟ ಅಭ್ಯಾಸ ಮಾತ್ರ ಶುರುವಲ್ಲೇ ಬಿಡಿ. ಏರಲ್ಲಿ ಟ್ರಾಫಿಕ್ ನಿಂತಾಗ ಬ್ರೇಕ್ ಹಿಡಿಯದೆ ಹಾಫ್ ಕ್ಲಚ್ ಮೇಲೇ ಗಾಡಿ ನಿಲ್ಲಿಸ್ಕೊಂಡಿರೋದು. ಪ್ಲೇಟು ಜಾರ್ತಾ ಜಾರ್ತಾ ಕಾಯುತ್ತೆ, ಸುಟ್ಟ ವಾಸನೆ ಬರುತ್ತೆ, ಸಿಂಹಗಡ ಕೋಟೆಯ ಘಾಟ್ ಏರುವಾಗ ಭಾನುವಾರದ ಸಾಲಲ್ಲಿ ಕಿಟಕಿ ತೆಗೆದ್ರೆ ಆ ವಾಸನೆ ಸಿಗುತ್ತೆ. ಕ್ಲಚ್ ಬದಲಾಯಿಸೋಕೆ ಗೇರ್‌ಬಾಕ್ಸೇ ಇಳಿಸಬೇಕು, ಖರ್ಚಿನ ಬಾಬ್ತು. ಹಂಗೇ ಓಡಿಸ್ತಾ ಇರುವಾಗ ಎಡಗಾಲು ಪೆಡಲ್ ಮೇಲೆ ಇಟ್ಟಿರೋದೂ ಬೇಡ, ಪಕ್ಕದಲ್ಲಿ ಕೆಳಗಿಡಿ.

ಗೇರ್ ಲಿವರ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಮುಷ್ಟಿ ಬಿಗಿ ಹಿಡೀಬೇಡಿ. ಲಿವರ್ ಒಳಗಿನ ಸ್ಪ್ರಿಂಗ್ ಅದನ್ನ ಯಾವಾಗಲೂ ಮಧ್ಯಕ್ಕೆ, ಅಂದ್ರೆ ಮೂರು-ನಾಲ್ಕರ ಸಾಲಿಗೆ ಎಳೀತಿರುತ್ತೆ, ಹಾಗಾಗಿ ಸೆಕೆಂಡಿಂದ ಥರ್ಡಿಗೆ ಹೋಗುವಾಗ ನ್ಯೂಟ್ರಲ್ಲಲ್ಲಿ ಕೈ ಸಡಿಲ ಬಿಟ್ಟು ನೇರ ಮುಂದಕ್ಕೆ ತಳ್ಳಿದ್ರೆ ಸಾಕು. ನೀವು ಬಲಕ್ಕೆ ದಬ್ಬಿದ್ರೆ ಫಿಫ್ತಿಗೆ ಹೋಗುತ್ತೆ. ರಿವರ್ಸ್ ಮಾತ್ರ ಗಾಡಿ ಪೂರ್ತಿ ನಿಂತ ಮೇಲೇ.

ಇನ್ನು ಇಳಿಜಾರು, ಇದನ್ನ ಯಾರೂ ಕೇಳಲ್ಲ, ಆದ್ರೆ ನಾನು ಹೇಳದೇ ಬಿಡಲ್ಲ, ಯಾಕಂದ್ರೆ ಏರಲ್ಲಿ ಗಾಡಿ ಆಫ್ ಆದ್ರೆ ನಾಲ್ಕು ಜನ ಹಾರ್ನ್ ಹೊಡೀತಾರೆ, ಇಳಿಜಾರಲ್ಲಿ ತಪ್ಪಿದ್ರೆ ಜೀವ ಹೋಗುತ್ತೆ. ಬೆಂಗಳೂರು ಹೆದ್ದಾರಿಯಲ್ಲಿ ಸಾತಾರಾ ಕಡೆಯಿಂದ ಪುಣೆಗೆ ಬರುವಾಗ ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಬ್ರಿಜ್ ತನಕ ಉದ್ದ ಇಳಿಜಾರು ಇದೆ. 2022ರ ನವೆಂಬರಲ್ಲಿ ಅಲ್ಲಿ ಒಂದು ಟ್ರಕ್ ನಿಯಂತ್ರಣ ತಪ್ಪಿ ಒಂದೇ ಅಪಘಾತದಲ್ಲಿ ಹತ್ತಾರು ವಾಹನ ಜಖಂ ಆದವು. ಇಳಿಜಾರಲ್ಲಿ ಡೀಸೆಲ್ ಉಳಿಸೋಕೆ ಅಂತ ನ್ಯೂಟ್ರಲ್‌ಗೆ ಹಾಕೋ ಅಭ್ಯಾಸ ಟ್ರಕ್‌ನವರದ್ದು ಮಾತ್ರ ಅಲ್ಲ, ಕಾರಿನವರೂ ಮಾಡ್ತಾರೆ. ಈಗಿನ ಕಾರಲ್ಲಿ ಅದರಿಂದ ಉಳಿತಾಯವೂ ಇಲ್ಲ. ಗೇರಲ್ಲಿಟ್ಟು ಆಕ್ಸಿಲರೇಟರ್ ಬಿಟ್ರೆ ಚಕ್ರವೇ ಎಂಜಿನ್ನನ್ನ ತಿರುಗಿಸುತ್ತೆ, ಎಂಜಿನ್ ಕಂಪ್ಯೂಟರ್ರು ಇಂಧನ ನಿಲ್ಲಿಸುತ್ತೆ, ನ್ಯೂಟ್ರಲ್ಲಲ್ಲಿ ಎಂಜಿನ್ ಆರದಂಗೆ ಇಡೋಕೆ ಇಂಧನ ಕೊಡಲೇಬೇಕು. ಎಂಜಿನ್ನೇ ಆಫ್ ಮಾಡಿದ್ರಂತೂ ಬ್ರೇಕಿಗೆ ಸಿಗೋ ಸಹಾಯ ಎರಡ್ಮೂರು ಸಲ ತುಳಿಯೋದ್ರೊಳಗೆ ಮುಗಿದುಹೋಗುತ್ತೆ, ಸ್ಟೇರಿಂಗೂ ಕಲ್ಲಾಗುತ್ತೆ. ಇಳಿಯುವಾಗ ಥರ್ಡ್ ಅಥವಾ ಸೆಕೆಂಡಲ್ಲಿಟ್ಟು ಎಂಜಿನ್ನೇ ಗಾಡಿ ಹಿಡಿಯೋ ಹಂಗೆ ಮಾಡಿ, ಬ್ರೇಕ್ ಆಗಾಗ ಮಾತ್ರ. ಒಂದೇ ಸಮ ಒತ್ತಿ ಹಿಡಿದ್ರೆ ಬ್ರೇಕ್ ಕಾದು ಹಿಡಿತ ಕಳ್ಕೊಳ್ಳುತ್ತೆ. ಸಿಂಹಗಡದಂಥ ಇಕ್ಕಟ್ಟು ರಸ್ತೆಯಲ್ಲಿ ಎದುರು ಗಾಡಿ ಏರ್ತಾ ಇದ್ರೆ ಇಳಿಯೋರು ನಿಂತು ದಾರಿ ಬಿಡಬೇಕು, ಇದು ಸೌಜನ್ಯ ಅಲ್ಲ, ನಿಯಮ. ಏರೋರು ನಿಂತ್ರೆ ಮತ್ತೆ ಹೊರಡೋ ಕಷ್ಟ ಏನು ಅಂತ ಈಗ ನಿಮಗೇ ಗೊತ್ತಲ್ಲ.

ಹಂಗಾದ್ರೆ ಆಟೋಮ್ಯಾಟಿಕ್? ತಗೊಳ್ಳಿ, ನಾನು ಬೇಡ ಅನ್ನಲ್ಲ. ದಿನಾ ಹಿಂಜವಡಿ ಟ್ರಾಫಿಕಲ್ಲಿ ಕೂರೋರಿಗೆ, ಮೊಣಕಾಲು ನೋವಿರೋರಿಗೆ ಅದು ದೊಡ್ಡ ನೆಮ್ಮದಿ. ನಮ್ಮಲ್ಲಿ ಕಾರಿನ ಲೈಸೆನ್ಸ್ ಎರಡಕ್ಕೂ ಒಂದೇ. ಆದ್ರೆ ಹೆದರಿಕೆಯಿಂದ ತಗೋಬೇಡಿ. ಊರಲ್ಲಿ ಅಪ್ಪನ ಕಾರು, ಮಾವನ ಕಾರು ಇನ್ನೂ ಗೇರಿಂದೇ, ರಾತ್ರಿ ಯಾರಿಗಾದ್ರೂ ಹುಷಾರಿಲ್ಲದಾಗ ಕೀ ನಿಮ್ಮ ಕೈಗೆ ಬರಬಹುದು, ಆಗ ನನಗೆ ಬರಲ್ಲ ಅನ್ನೋ ಹಂಗೆ ಆಗಬಾರದು. ಇನ್ನೊಂದು ವಿಷಯ, ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗೋ ಎಷ್ಟೋ ಆಟೋಮ್ಯಾಟಿಕ್‌ಗಳು ಎಎಂಟಿ, 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ಬಂತಲ್ಲ ಆ ಥರದ್ದು. ಅದರೊಳಗೆ ಇರೋದು ಇದೇ ಗೇರ್‌ಬಾಕ್ಸು, ಇದೇ ಕ್ಲಚ್ ಪ್ಲೇಟು, ನಿಮ್ಮ ಎಡಗಾಲಿನ ಬದಲು ಒಂದು ಯಂತ್ರ ತುಳಿಯುತ್ತೆ ಅಷ್ಟೇ. ಏರಲ್ಲಿ ಆಕ್ಸಿಲರೇಟರಲ್ಲೇ ಹಿಡಿದು ನಿಲ್ಲಿಸಿದ್ರೆ ಅದರ ಕ್ಲಚ್ಚೂ ಸುಡುತ್ತೆ, ಹಿಲ್ ಹೋಲ್ಡ್ ಇಲ್ಲದೇ ಇದ್ರೆ ಅದೂ ಹಿಂದಕ್ಕೆ ಜಾರುತ್ತೆ. ಸಾತಾರಾ ಕಡೆ ಹೋಗ್ತಾ ಖಂಬಾಟ್ಕಿ ಘಾಟಲ್ಲಿ ಲಾರಿ ಹಿಂದೆ ಸಿಕ್ಕಾಕೊಂಡಾಗ ಎಎಂಟಿ ಯಾಕೆ ಗೇರ್ ಇಳಿಸ್ತು, ಯಾಕೆ ತಡವರಿಸ್ತು ಅನ್ನೋದು ಗೇರ್ ಗಾಡಿ ಓಡಿಸಿದೋರಿಗೆ ತಕ್ಷಣ ಅರ್ಥ ಆಗುತ್ತೆ.

ಹಾಗಾಗಿ ಮೊದಲು ರ‍್ಯಾಂಪ್ ಪಾಠ ಮುಗಿಸಿ, ಆಮೇಲೂ ಆಟೋಮ್ಯಾಟಿಕ್ಕೇ ಬೇಕು ಅನ್ಸಿದ್ರೆ ಶೋರೂಮಿಗೆ ಹೋಗಿ. ಟೆಸ್ಟ್ ಡ್ರೈವಿಗೆ ಅವರು ಸಾಮಾನ್ಯವಾಗಿ ನೇರ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಕಳಿಸ್ತಾರೆ, ಒಪ್ಕೋಬೇಡಿ, ಹತ್ತಿರದ ಫ್ಲೈಓವರ್ ಏರಿಗೋ ಮಾಲ್ ಪಾರ್ಕಿಂಗ್ ರ‍್ಯಾಂಪಿಗೋ ಕರ್ಕೊಂಡ್ ಹೋಗಿ ಅನ್ನಿ. ಹಿಂದೆ ಯಾರೂ ಇಲ್ಲದ್ದು ನೋಡ್ಕೊಂಡು ಏರಿನ ಮಧ್ಯದಲ್ಲಿ ನಿಲ್ಲಿಸಿ, ಬ್ರೇಕ್ ಬಿಟ್ಟು ನೋಡಿ, ಗಾಡಿ ಏನ್ ಮಾಡುತ್ತೆ ಅಂತ ನೋಡ್ಕೊಂಡೇ ಬುಕಿಂಗ್ ಹಣ ಕಟ್ಟಿ.