ನಾಷ್ಟಾ ಬಂತಾ?

ಮಾರ್ಚ್ ಕೊನೆಯ ವಾರ. ಶರಣಬಸವೇಶ್ವರ ಜಾತ್ರೆ ಮುಗಿದಿತ್ತು. ಕಲಬುರಗಿಯಲ್ಲಿ ಬೆಳಗ್ಗೆ ಹತ್ತಕ್ಕೇ ಕಿಟಕಿ ಮುಚ್ಚಿ ಕೂರುವಂಥ ಬಿಸಿಲು. ನೈಟ್ ಡ್ಯೂಟಿ ಮುಗಿಸಿ ಹೊರಟವಳ ಕೈಗೆ ಇನ್‌ಚಾರ್ಜ್ ಸಿಸ್ಟರ್ ನಾಲ್ಕು ಹಾಳೆ ಕೊಟ್ಟರು.

"ಶನಿವಾರದೊಳಗ ತುಂಬಿ ಕೊಡು. ಹೋದ ವರ್ಷದ್ದೇ ಕಾಪಿ ಹೊಡೀಬ್ಯಾಡ. ಈ ಸಲ ಮೇಡಂ ಒಬ್ಬೊಬ್ಬರನ್ನೇ ಕೂಡಿಸಿಕೊಂಡು ಕೇಳ್ತಾರಂತ."

ಅಪ್ರೈಸಲ್ ಫಾರ್ಮ್. ನಾನು ಒಂದು ಖಾಸಗಿ ಆಸ್ಪತ್ರೆಯ ಹೆಣ್ಣುಮಕ್ಕಳ ಮೆಡಿಕಲ್ ವಾರ್ಡಿನಲ್ಲಿ 11 ವರ್ಷದಿಂದ ಇದ್ದೇನೆ. ಹತ್ತು ಸಲ ಈ ಫಾರ್ಮ್ ತುಂಬಿದ್ದೇನೆ, ಹತ್ತು ಸಲವೂ ಕಾಪಿ ಹೊಡೆದೇ ತುಂಬಿದ್ದೇನೆ. 'ನಿಮ್ಮಲ್ಲಿ ಏನು ಸುಧಾರಿಸಬೇಕು' ಅನ್ನೋ ಕಾಲಂನಲ್ಲಿ ನಮ್ಮ ವಾರ್ಡಿನವರೆಲ್ಲ ಬರೆಯೋದು ಒಂದೇ: ಕಂಪ್ಯೂಟರ್ ಕಲಿಯಬೇಕು. ಅದನ್ನು ಬರೆದರೆ ಯಾರೂ ಬೈಯಲ್ಲ, ಯಾರೂ ಮುಂದೆ ಕೇಳೋದೂ ಇಲ್ಲ. ನಾನೂ ಹತ್ತು ವರ್ಷದಿಂದ ಕಂಪ್ಯೂಟರ್ ಕಲಿಯುತ್ತಲೇ ಇದ್ದೇನೆ.

ಮನೆಗೆ ಬಂದು ಎರಡು ತಾಸು ಮಲಗಿ ಎದ್ದೆ. ಕೂಲರಿಗೆ ನೀರು ಹಾಕಿ, ಅದರ ಮುಂದೆ ಹಾಳೆ ಹರಡಿಕೊಂಡು ಕೂತೆ. ಅತ್ತೆ ತೊಗರಿಬೇಳೆ ಆರಿಸುತ್ತಾ ಕೇಳಿದರು.

"ಪರೀಕ್ಷಾ ಅದ ಏನು?"

"ಇಲ್ರಿ ಅತ್ತಿ. ವರ್ಷಪೂರ್ತಿ ನಾ ಹೆಂಗ ಕೆಲಸ ಮಾಡೀನಿ ಅಂತ ನಾನೇ ಬರದು ಕೊಡಬೇಕು. ಅದರ ಮ್ಯಾಲ ಪಗಾರ ಹೆಚ್ಚ ಮಾಡ್ತಾರ."

"ನೀನೇ ಬರಿಯೋದು? ಮತ್ಯಾಕ ಚಿಂತಿ? ಛಲೋನೇ ಬರಿ."

ಛಲೋನೇ ಶುರು ಮಾಡಿದೆ. ಮೊದಲ ಹಾಳೆಯಲ್ಲಿ ನಮಗೆ ನಾವೇ ಐದಕ್ಕೆ ಮಾರ್ಕ್ಸ್ ಹಾಕಿಕೊಳ್ಳಬೇಕು. ಹೊತ್ತಿಗೆ ಸರಿಯಾಗಿ ಬರೋದು, 5. ಕೇಸ್ ಶೀಟ್ ಬರೆಯೋದು, 4. ಕೈ ತೊಳೆಯೋದು, 5. ಈ ಐದನ್ನು ಬರೆದ ಮೇಲೆ ಪೆನ್ನು ನಿಂತಿತು. ವಿಶ್ವ ಆರೋಗ್ಯ ಸಂಸ್ಥೆಯ ಕೈ ತೊಳೆಯುವ ಐದು ಹೊತ್ತುಗಳ ಪಟ ನಮ್ಮ ವಾರ್ಡಿನ ಗೋಡೆಯ ಮೇಲೇ ಇದೆ. ರೋಗಿಯನ್ನು ಮುಟ್ಟುವ ಮೊದಲು, ಸೂಜಿ ಡ್ರೆಸಿಂಗಿನಂಥ ಕೆಲಸಕ್ಕೆ ಮೊದಲು, ರಕ್ತ ಮೂತ್ರ ತಾಗಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ. ಈ ನಾಲ್ಕು ಬಿಡಲ್ಲ. ಐದನೆಯದು ರೋಗಿಯ ಮಂಚ, ಲಾಕರ್, ಡ್ರಿಪ್ ಸ್ಟ್ಯಾಂಡ್ ಮುಟ್ಟಿದ ನಂತರ. ರೋಗಿಯನ್ನು ಮುಟ್ಟದೆ ಬರೀ ಬೆಡ್‌ಶೀಟ್ ಸರಿಮಾಡಿ ಮುಂದಿನ ಮಂಚಕ್ಕೆ ಹೋಗುವಾಗ ಎಷ್ಟು ಸಲ ಕೈ ತೊಳೆದಿದ್ದೇನೆ? ಐದನ್ನು ಹೊಡೆದು ಮೂರು ಮಾಡಿದೆ. ಮನಸ್ಸಿಗೆ ಸ್ವಲ್ಪ ಕಸಿವಿಸಿ ಆಯ್ತು. ಹಿಂದೆ ಹೋಗಿ ಕೇಸ್ ಶೀಟಿನ ನಾಲ್ಕನ್ನೂ ಇನ್ನೊಮ್ಮೆ ನೋಡಿದೆ, ಆದರೆ ಅದನ್ನು ಹಾಗೇ ಬಿಟ್ಟೆ.

ಕೊನೆಯ ಹಾಳೆ ಪೂರ್ತಿ ಖಾಲಿ. ವರ್ಷದಲ್ಲಿ ನಡೆದ ಒಂದು ಘಟನೆ ಬರೆದು, ಅದರಲ್ಲಿ ನಿಮ್ಮನ್ನು ನೀವು ನೋಡಿಕೊಳ್ಳಿ ಅಂತ ಇತ್ತು. ಇದಕ್ಕಾಗಿಯೇ ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಫೆಬ್ರುವರಿಯಲ್ಲಿ ಒಂದು ಕ್ಲಾಸ್ ತಗೊಂಡಿದ್ದರು. ಗ್ರಹಾಂ ಗಿಬ್ಸ್ ಅನ್ನುವವರು 1988ರಲ್ಲಿ ಹಾಕಿಕೊಟ್ಟ ಆರು ಮೆಟ್ಟಿಲು: ಏನಾಯಿತು, ಆಗ ನಿನಗೆ ಏನನಿಸಿತು, ಯಾವುದು ಸರಿ ಯಾವುದು ತಪ್ಪು, ಯಾಕೆ ಹಾಗಾಯಿತು, ಬೇರೆ ಏನು ಮಾಡಬಹುದಿತ್ತು, ಮುಂದೆ ಏನು ಮಾಡುತ್ತೀ. ಕ್ಲಾಸಿನಲ್ಲಿ ಕೂತಾಗ ಇದೇನು ಮಹಾ ಅನಿಸಿತ್ತು.

ನನ್ನ ಹತ್ತಿರ ಒಂದು ಚಿಕ್ಕ ಡೈರಿ ಇದೆ. ಸಮವಸ್ತ್ರದ ಜೇಬಿನಲ್ಲಿ ಹಿಡಿಯುವಂಥದ್ದು. ಹ್ಯಾಂಡ್‌ಓವರ್ ಕೊಡುವಾಗ ಮರೆಯಬಾರದು ಅಂತ ಮಂಚದ ನಂಬರ್, ಶುಗರ್, ಔಷಧಿ ಗೀಚಿಕೊಂಡಿರುತ್ತೇನೆ. ಏನಾದರೂ ಒಳ್ಳೇದು ಸಿಗುತ್ತಾ ಅಂತ ಅದನ್ನು ತಿರುವಿ ಹಾಕಿದೆ. ಶ್ರಾವಣದ ಒಂದು ಪುಟದಲ್ಲಿ 46 ಅಂತ ಬರೆದು, ಸುತ್ತ ಎರಡು ಗೆರೆ ಎಳೆದಿದ್ದೆ.

ಅವತ್ತು ಸೋಮವಾರ, ಬೆಳಗಿನ ಡ್ಯೂಟಿ. ಜೇವರ್ಗಿ ಕಡೆಯ ಒಬ್ಬ ಆಯಿ. ಕಾಲಿನ ಗಾಯ ಮಾಯುತ್ತಿಲ್ಲ ಅಂತ ಅಡ್ಮಿಟ್ ಆಗಿದ್ದಳು. ಜೊತೆಗೆ ಏಳೆಂಟು ವರ್ಷದ ಮೊಮ್ಮಗ. ಬೆಳಗ್ಗೆ ಶುಗರ್ 118 ಇತ್ತು. ಎಂಟೂಕಾಲಿಗೆ ಸಿರಿಂಜಿನಲ್ಲಿ 18 ಯೂನಿಟ್ ಇನ್ಸುಲಿನ್ ಎಳೆದುಕೊಂಡು ಹೋದೆ. "ಆಯಿ, ನಾಷ್ಟಾ ಬಂತಾ?" ಅಂದೆ. "ಬಂದದ ಯವ್ವಾ" ಅಂದಳು. ಸ್ಟೂಲ್ ಮೇಲೆ ಉಪ್ಪಿಟ್ಟಿನ ತಾಟು ಕಾಣುತ್ತಲೇ ಇತ್ತು. ಹೊಟ್ಟೆಗೆ ಇಂಜೆಕ್ಷನ್ ಕೊಟ್ಟು ಮುಂದಿನ ಮಂಚಕ್ಕೆ ಹೋದೆ.

ಹತ್ತೂವರೆ ದಾಟಿತ್ತು. ಆ ಹುಡುಗ ಬಂದು ನನ್ನ ಕೈ ಜಗ್ಗಿದ. "ಆಯಿ ಮಾತಾಡ್ಸಿದ್ರ ಮಾತಾಡವಲ್ಲಳು." ಹೋಗಿ ನೋಡಿದರೆ ಹಣೆ, ಕುತ್ತಿಗೆ ಎಲ್ಲ ತಣ್ಣನೆ ಬೆವರು. ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚುತ್ತಿದ್ದಳು. ಬೆರಳು ಚುಚ್ಚಿ ನೋಡಿದೆ, 46. ಎಪ್ಪತ್ತಕ್ಕಿಂತ ಕೆಳಗೆ ಬಂದರೇ ಶುಗರ್ ಇಳಿದಿದೆ ಅಂತ ಲೆಕ್ಕ. ಎಚ್ಚರ ಇದ್ದಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಬಹುದಿತ್ತು. ಆ ಸ್ಥಿತಿಯಲ್ಲಿ ಬಾಯಿಗೆ ಏನೂ ಹಾಕುವ ಹಾಗಿಲ್ಲ, ಉಸಿರುನಾಳಕ್ಕೆ ಹೋಗಬಹುದು. ಡಾಕ್ಟರ್ ಓಡಿ ಬಂದರು, ನರಕ್ಕೆ ಗ್ಲುಕೋಸ್ ಕೊಟ್ಟೆವು. ಹದಿನೈದು ನಿಮಿಷದ ಮೇಲೆ ನೋಡಿದರೆ 138.

ಆಯಿ ಎದ್ದು ಕೂತಳು. "ಉಪ್ಪಿಟ್ಟು ತಿನ್ನಲಿಲ್ಲೇನ್ ಆಯಿ?"

"ಇವತ್ತ ಶ್ರಾವಣ ಸೋಮಾರ ಅಲ್ಲೇನವ್ವಾ. ಅದು ಹುಡುಗ ತಿಂತು."

"ಮತ್ತ ನಾ ಕೇಳಿದಾಗ?"

"ನೀ ನಾಷ್ಟಾ ಬಂತಾ ಅಂದಿ. ಬಂದಿತ್ತಲ್ಲ!"

ಕೇಸ್ ಶೀಟಿನಲ್ಲಿ ನಾನು ಬರೆದದ್ದು ಇಷ್ಟೇ: ರೋಗಿ ಉಪವಾಸವಿದ್ದು ಬೆಳಗಿನ ಉಪಾಹಾರ ತಿಂದಿರಲಿಲ್ಲ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೆ ಅದನ್ನು ಓದಿದವರಿಗೆ ತಪ್ಪೆಲ್ಲ ಆಯಿಯದೇ ಅನಿಸುತ್ತೆ. ಅಲ್ಲಿ ನಾನು ಇಲ್ಲವೇ ಇಲ್ಲ. ಕೇಳಿದ ಪ್ರಶ್ನೆಯೂ ಇಲ್ಲ.

ಹಳೇ ಡ್ಯೂಟಿ ಚಾರ್ಟಿನ ಹಿಂಬದಿಯಲ್ಲಿ ಮೊದಲು ಕನ್ನಡದಲ್ಲಿ ಬರೆಯತೊಡಗಿದೆ. ಫಾರ್ಮ್ ಇಂಗ್ಲಿಷಿನದು. ಇಂಗ್ಲಿಷಿನಲ್ಲಿ ನನಗೆ ಬರೋದು ಹೋದ ವರ್ಷದ ಸಾಲುಗಳೇ. ಮೊದಲ ಮೂರು ಮೆಟ್ಟಿಲು ಬೇಗ ಮುಗಿದವು. 'ಯಾಕೆ ಹಾಗಾಯಿತು' ಅನ್ನೋದಕ್ಕೆ ಎರಡು ಸಲ ಬರೆದು ಎರಡು ಸಲ ಹೊಡೆದು ಹಾಕಿದೆ. 28 ಮಂಚಕ್ಕೆ ಇಬ್ಬರೇ ಸಿಸ್ಟರ್ ಇದ್ದೆವು, ಅದು ನಿಜ. ಆದರೆ 'ತಿಂತೀಯೇನ್ ಆಯಿ' ಅಂತ ಕೇಳೋದಕ್ಕೆ ಹಿಡಿಯೋದು 'ನಾಷ್ಟಾ ಬಂತಾ' ಅನ್ನುವಷ್ಟೇ ಹೊತ್ತು.

ಡೈರಿ ಮತ್ತೆ ಹಿಂದಕ್ಕೆ ತಿರುವಿದೆ. ರಂಜಾನ್ ತಿಂಗಳ ಪುಟಗಳಲ್ಲಿ ಮಂಚದ ನಂಬರಿನ ಪಕ್ಕ ಅಲ್ಲಲ್ಲಿ 'ರೋಜಾ' ಅಂತ ಬರೆದಿದ್ದೆ. ನಮ್ಮ ಊರಲ್ಲಿ ಅದು ಎಲ್ಲ ಸಿಸ್ಟರ್‌ಗಳಿಗೂ ರೂಢಿ. ಮುಸ್ಲಿಂ ಹೆಣ್ಣುಮಗಳು ಶುಗರಿಗೆ ಅಡ್ಮಿಟ್ ಆದರೆ ಮೊದಲು ಕೇಳೋದೇ "ರೋಜಾ ಇದ್ದೀರೇನು?" ಇದ್ದರೆ ಡಾಕ್ಟರಿಗೆ ಹೇಳಿ ಔಷಧಿಯ ಹೊತ್ತು, ಡೋಸ್ ಬದಲಿಸಿಕೊಳ್ಳುತ್ತೇವೆ. ಶ್ರಾವಣದ ಪುಟಗಳಲ್ಲಿ ಒಂದು ಕಡೆಯೂ ಹಾಗೆ ಬರೆದಿಲ್ಲ.

"ಅತ್ತಿ, ಶ್ರಾವಣ ಸೋಮಾರ ನಾವು ಹಿಡೀತೀವಲ್ಲ, ಎಷ್ಟು ವರ್ಷ ಆತು?"

"ನೀ ಈ ಮನಿಗಿ ಬಂದಾಗಿಂದ ಬಿಟ್ಟೇ ಇಲ್ಲಲ್ಲ." ಅತ್ತೆ ಬೇಳೆಯಿಂದ ತಲೆ ಎತ್ತಲಿಲ್ಲ.

ಹೌದು. ಆ ಸೋಮವಾರ ನಾನೂ ಉಪವಾಸ ಇದ್ದೆ. ಬರೀ ಚಹಾ ಕುಡಿದು ಡ್ಯೂಟಿಗೆ ಹೋಗಿದ್ದೆ. ಟ್ರಾಲಿಯ ಉಪ್ಪಿಟ್ಟಿನ ವಾಸನೆಗೆ ನನ್ನ ಹೊಟ್ಟೆಯೂ ಚುರುಗುಟ್ಟಿತ್ತು. ಆದರೂ ನನ್ನ ಅತ್ತೆಯ ವಯಸ್ಸಿನ, ಕೊರಳಲ್ಲಿ ಲಿಂಗದ ಕರಡಿಗೆ ಕಟ್ಟಿಕೊಂಡ ಆಯಿಯನ್ನು ನೋಡಿ, ಇವಳೂ ಹಿಡಿದಿರಬಹುದು ಅಂತ ತಲೆಗೆ ಹೊಳೆಯಲಿಲ್ಲ. ಬೇರೆಯವರ ಮನೆಯ ಉಪವಾಸ ಕಣ್ಣಿಗೆ ಬಿತ್ತು, ನಮ್ಮ ಮನೆಯದು ಬೀಳಲಿಲ್ಲ. ಇದನ್ನು ಬರೆದ ಮೇಲೆ ಹೊಡೆದು ಹಾಕಲಿಲ್ಲ.

ರಾತ್ರಿ ಜೊತೆಯ ಸಿಸ್ಟರಿಗೆ ಫೋನ್ ಮಾಡಿ ಓದಿ ಹೇಳಿದೆ. "ಹುಚ್ಚಿ ಇದ್ದೀಯೇನ? ನಿನ್ನ ತಪ್ಪು ನೀನೇ ಬರದು ಕೊಡ್ತಿ? ಇನ್ಕ್ರಿಮೆಂಟ್ ಹೋಗ್ತದ ನೋಡು. ಸುಮ್ನೆ ಕಂಪ್ಯೂಟರ್ ಅಂತ ಬರಿ." ಅವಳು ಹೇಳಿದ್ದರಲ್ಲೂ ಅರ್ಥ ಇತ್ತು. ಮಗಳ ಶಾಲೆಯ ಫೀ ಕಟ್ಟೋ ತಿಂಗಳು ಹತ್ತಿರ ಬಂದಿತ್ತು. ಮರುದಿನ ಪೂರ್ತಿ ಹಾಳೆ ಚೀಲದಲ್ಲೇ ಇಟ್ಟುಕೊಂಡು ಓಡಾಡಿದೆ. ಶುಕ್ರವಾರ ಸಂಜೆ ಇಂಗ್ಲಿಷಿಗೆ ಇಳಿಸಿದೆ. ಸುಧಾರಿಸಬೇಕಾದ್ದು ಅನ್ನೋ ಕಾಲಂನಲ್ಲಿ ಈ ಸಲ ಬರೆದದ್ದು ಎರಡು: ಕೇಳುವ ರೀತಿ, ಮತ್ತು ಐದನೇ ಸಲದ ಕೈ ತೊಳೆತ. ಮುಂದೆ ಏನು ಮಾಡುತ್ತೀ ಅನ್ನೋ ಕಡೆ, ವಾರ್ಡಿನ ಇನ್ಸುಲಿನ್ ಚಾರ್ಟಿಗೆ ಉಪವಾಸದ್ದೊಂದು ಕಾಲಂ ಹಾಕೋಣ, ಇಂಜೆಕ್ಷನ್ ಆದ ಮೇಲೆ ಒಂದು ಸಲ ತಾಟು ನೋಡಿ ಬರೋಣ ಅಂತ ಬರೆದೆ.

ಮುಂದಿನ ವಾರ ಮೇಡಂ ಕರೆದರು. ಮಾರ್ಕ್ಸಿನ ಹಾಳೆಗಳನ್ನು ಹಾಗೇ ಸರಿಸಿದರು. ಕೊನೆಯದನ್ನು ಮಾತ್ರ ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. ನನಗೆ ಅಂಗೈ ಬೆವರಿತ್ತು.

"ಆವಾಗ ಇನ್ಸಿಡೆಂಟ್ ರಿಪೋರ್ಟ್ ಯಾಕ ಹಾಕಲಿಲ್ಲ?"

"ತಪ್ಪಾಯ್ತ್ರಿ ಮೇಡಂ."

"ಹ್ಞೂಂ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ಬಿಳಿ ಹಾಳೆ ಎಳೆದುಕೊಂಡು ಗೆರೆ ಹಾಕತೊಡಗಿದರು. "ಕಾಲಂ ಹಾಕೋಣ. ಏನೇನು ಬರೀಬೇಕು ಹೇಳು. ರೋಜಾ. ಶ್ರಾವಣ ಸೋಮವಾರ. ಏಕಾದಶಿ."

"ಸಂಕಷ್ಟಿ ಮೇಡಂ. ಶಿವರಾತ್ರಿ."

"ನವರಾತ್ರಿ ಒಂಬತ್ತು ದಿನಾನೂ ಹಿಡೀತಾರ. ಮಂಗಳವಾರ, ಶುಕ್ರವಾರ ದೇವಿದು."

"ಗುರುವಾರ ರಾಯರದು ಬಿಟ್ರಿ. ಶನಿವಾರ ಹನುಮಪ್ಪಂದು."

ಮೇಡಂ ಪೆನ್ನು ಕೆಳಗಿಟ್ಟು ನಕ್ಕರು. "ಹಂಗಾದ್ರ ಬುಧವಾರ, ರವಿವಾರ ಎರಡೇ ಉಳದ್ವು ನೋಡು."